ಮಾತಿಲ್ಲದ ಬಿಡಾರ

ಬೆಂಗಳೂರಿನ ಇಂದಿರಾನಗರದಲ್ಲೋ ಕೋರಮಂಗಲದಲ್ಲೋ, ಸಕಲ ಸೇವೆಗಳುಳ್ಳ ಬಹುಮಹಡಿ ಕಟ್ಟಡದಲ್ಲಿ ಮನೆಯನ್ನು ಬಾಡಿಗೆಗೆ ಹಿಡಿದವನ ಭಾಗ್ಯವನ್ನು ಕಂಡು ಕರುಬುವವರು ಅನೇಕರು. ಬಾಗಿಲಲ್ಲಿ ಹಗಲಿರುಳೂ ಕಾವಲು, ಏರಿಳಿಯಲು ಲಿಫ್ಟು, ವಿದ್ಯುತ್ತು ಹೋದೊಡನೆ ಗುಡುಗುವ ಜನರೇಟರು, ಕಸ ಒಯ್ಯುವವರು, ನಲ್ಲಿ ರಿಪೇರಿಯವರು ಕರೆದ ಕೂಡಲೇ ಹಾಜರು. ಈ ಅನುಕೂಲಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ವೃದ್ಧರಿಗೂ, ರಾತ್ರಿಯ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳಿಗೂ ಅವು ವಿಲಾಸವಲ್ಲ, ಆಸರೆ. ನಮ್ಮ ಪ್ರಶ್ನೆ ಬೇರೆ: ಇವಕ್ಕೆಲ್ಲ ಬೆಲೆ ತೆರುವವನಿಗೆ ಇವುಗಳ ವಿಷಯದಲ್ಲಿ ಮಾತನಾಡುವ ಅಧಿಕಾರವುಂಟೆ?

ಮೊದಲು ಅವನು ತೆರುವುದೇನೆಂಬುದನ್ನು ನೋಡೋಣ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬೆಂಗಳೂರಿನ ಹಳೆಯ ರೂಢಿ. ಐದಾರು ತಿಂಗಳಿಗೆ ಒಪ್ಪುವ ಮನೆಯೊಡೆಯರು ಉದಾರಿಗಳೆನಿಸುತ್ತಾರೆ. ಅದರ ಮೇಲೆ ತಿಂಗಳ ಬಾಡಿಗೆ, ನಿರ್ವಹಣೆಯ ವೆಚ್ಚ. ಕರಾರು ಮಾತ್ರ 11 ತಿಂಗಳದು. ಏಕೆಂದರೆ ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯಿದೆ ವಿಧಿಸುತ್ತದೆ. 1999ರ ಕರ್ನಾಟಕ ಬಾಡಿಗೆ ಕಾಯಿದೆಯಾದರೋ, ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ರಕ್ಷಣೆಯಿಂದ ಹೊರಗಿಟ್ಟಿತು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚಿನ ಮುಂಗಡ ಕೂಡದೆಂದು ಕೇಂದ್ರದ 2021ರ ಮಾದರಿ ಕಾಯಿದೆ ಹೇಳಿತೇನೋ ನಿಜ; ಆದರೆ ಮಾದರಿಯೆಂಬುದು ರಾಜ್ಯಗಳು ಕೈಗೆತ್ತಿಕೊಳ್ಳುವ ತನಕ ಬರಿಯ ಮಾದರಿಯೇ.

ಕಟ್ಟಡದ ಆಡಳಿತದ ಮಾತು ಇನ್ನೂ ಸ್ವಾರಸ್ಯವಾದುದು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯಂತೆ ಸಂಘವೆಂದರೆ ಒಡೆಯರ ಸಂಘ. 2024ರ ಬೇಸಗೆಯಲ್ಲಿ ನಗರದ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿನ ಬೆಲೆ ಗಗನಕ್ಕೇರಿದಾಗ ಈ ವ್ಯವಸ್ಥೆಯ ಕೊರತೆ ಬಯಲಾಯಿತು. ನೀರನ್ನು ಎಷ್ಟು ಹೊತ್ತು ಬಿಡಬೇಕು, ಟ್ಯಾಂಕರಿನ ವೆಚ್ಚವನ್ನು ಹೇಗೆ ಹಂಚಬೇಕು ಎಂಬ ಪ್ರಶ್ನೆಗಳು ಸಂಘಗಳ ಮುಂದೆ ಬಂದವು. ಬೇರೆ ದೇಶದಲ್ಲಿರುವ ಒಡೆಯನಿಗೆ ಅಲ್ಲಿ ಮತವುಂಟು. ಬರಿದಾದ ಬಿಂದಿಗೆಯ ಮುಂದೆ ನಿಂತ ಬಾಡಿಗೆದಾರನಿಗೆ ಇಲ್ಲ!

ನಿರಂಜನರ 'ರಂಗಮ್ಮನ ವಠಾರ'ವನ್ನು ಓದಿದವರು ಹಳೆಯ ವಠಾರಗಳು ಸ್ವರ್ಗವಾಗಿದ್ದುವೆಂದು ಹೇಳಲಾರರು. ಆದರೂ ವಠಾರದ ಬಿಡಾರಕ್ಕೆ ಒಂದು ಸೌಕರ್ಯವಿತ್ತು: ಮನೆಯೊಡತಿ ಅಲ್ಲಿಯೇ ಇದ್ದಳು; ಅವಳೆದುರು ನಿಂತು ದೂರಬಹುದಾಗಿತ್ತು, ಜಗಳವಾಡಬಹುದಾಗಿತ್ತು. ಇಂದಿನವನು ಯಾರೊಡನೆ ಜಗಳವಾಡಬೇಕು? ಒಡೆಯ ದೂರದಲ್ಲಿ, ಸಂಘ ಅವನದಲ್ಲ. ಉಳಿದವನು ಬಾಗಿಲ ಕಾವಲುಗಾರ. ಎಲ್ಲರ ಸಿಟ್ಟೂ ಆ ಬಡಪಾಯಿಯ ಮೇಲೆ! ನೀರು ಬಾರದ್ದಕ್ಕೂ ಲಿಫ್ಟು ನಿಂತದ್ದಕ್ಕೂ ಅವನೇ ಉತ್ತರ ಹೇಳಬೇಕು. ಮಾತಿನ ದಾರಿಯನ್ನು ಮುಚ್ಚಿದರೆ ಸಿಟ್ಟು ಕೆಳಮುಖವಾಗಿ ಹರಿಯುವುದು ಸಹಜ.

ಪರಿಹಾರ ದುಸ್ಸಾಧ್ಯವೇನಲ್ಲ. ಕಟ್ಟಡದ ಮಾರಾಟ, ಮರುನಿರ್ಮಾಣಗಳು ಒಡೆಯರಿಗೇ ಇರಲಿ. ನೀರು, ಕಾವಲು, ಶುಚಿತ್ವಗಳಂಥ ನಿತ್ಯದ ವಿಷಯಗಳಲ್ಲಾದರೂ ಬಾಡಿಗೆದಾರರ ಪ್ರತಿನಿಧಿಗೆ ಸಂಘದ ಸಭೆಯಲ್ಲಿ ಒಂದು ಕುರ್ಚಿ ಬೇಕು. ನಿರ್ವಹಣೆಯ ಹಣದ ಲೆಕ್ಕವನ್ನು ತಿಂಗಳು ತಿಂಗಳೂ ಎಲ್ಲರ ಕಣ್ಣಿಗೆ ಬೀಳುವಂತೆ ಹಚ್ಚಬೇಕು. ಇದಕ್ಕೆ ಶಾಸನವನ್ನು ಕಾಯಬೇಕಾಗಿಲ್ಲ. ಒಡೆಯರು ಮನಸ್ಸು ಮಾಡಿದರೆ ಸಾಕು. ಹಣಕ್ಕೆ ಸೇವೆ ಸಿಕ್ಕೀತು. ಆದರೆ ತಾನು ಬಾಳುವ ಸೂರಿನ ಕೆಳಗೆ ತನ್ನ ಮಾತಿಗೂ ಬೆಲೆಯಿದೆಯೆಂದಾಗಲೇ ಮನುಷ್ಯನು ಅದನ್ನು ಮನೆಯೆಂದು ಕರೆದಾನು.