ಒತ್ತಡ ನಿರ್ವಹಣೆಯ ಸರ್ಟಿಫಿಕೇಟ್

ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಇ-ಸರ್ಟಿಫಿಕೇಟ್ ಇದೆ. ಬಂಗಾರದ ಬಣ್ಣದ ಅಂಚು, ಮೂಲೆಯಲ್ಲಿ ದೀಪದ ಚಿತ್ರ, ಕೆಳಗೆ ಮೂರು ಸಹಿ. ‘ಕೋವಿಡ್ ಕಾಲದಲ್ಲಿ ಒತ್ತಡ ನಿರ್ವಹಣೆ’ ಎಂಬ ವೆಬಿನಾರಿನಲ್ಲಿ ನಾನು ಯಶಸ್ವಿಯಾಗಿ ಭಾಗವಹಿಸಿದ್ದೇನೆ ಎಂದು ಅದು ಹೇಳುತ್ತದೆ. ತಾರೀಕು 2020ರ ಜೂನ್. ಏರ್ಪಡಿಸಿದ್ದು ನಾನು ಆಗ ಪಾಠ ಮಾಡುತ್ತಿದ್ದ ಖಾಸಗಿ ಪದವಿ ಕಾಲೇಜು. ಅದೇ ಕಾಲೇಜು ಏಪ್ರಿಲ್ ತಿಂಗಳಿಂದ ನನಗೆ ಒಂದು ರೂಪಾಯಿ ಸಂಬಳವನ್ನೂ ಕೊಟ್ಟಿರಲಿಲ್ಲ.

ಎಂ.ಎ. ಮುಗಿದು ಒಂದು ವರ್ಷವಾಗಿತ್ತು. ನಾನು ಗಂಟೆ ಲೆಕ್ಕದ ಅತಿಥಿ ಉಪನ್ಯಾಸಕಿ. ಗಂಟೆ ಹೊಡೆದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಲಾಕ್‌ಡೌನಿನಲ್ಲಿ ಗಂಟೆ ಹೊಡೆಯುವವರು ಯಾರು? ನಾವು ಗೂಗಲ್ ಮೀಟಿನಲ್ಲಿ ಪಾಠ ಮಾಡಿದೆವು, ನೆಟ್‌ವರ್ಕ್ ಸಿಗದ ಮಕ್ಕಳಿಗೆ ರಾತ್ರಿ ಫೋನಿನಲ್ಲಿ ಹೇಳಿಕೊಟ್ಟೆವು, ನೋಟ್ಸ್ ಟೈಪ್ ಮಾಡಿ ವಾಟ್ಸಾಪಿಗೆ ಹಾಕಿದೆವು. ಲೆಕ್ಕ ಕೇಳಿದರೆ, ಹಾಜರಿ ಪುಸ್ತಕದಲ್ಲಿ ಸಹಿ ಇಲ್ಲವಲ್ಲ ಎಂಬ ಉತ್ತರ ಬಂತು.

ವೆಬಿನಾರಿನ ಸಂಪನ್ಮೂಲ ವ್ಯಕ್ತಿ ಕೆಟ್ಟವರೇನಲ್ಲ. ಆಳವಾಗಿ ಉಸಿರೆಳೆದುಕೊಳ್ಳಿ ಎಂದರು. ಸುದ್ದಿ ಚಾನೆಲ್ ನೋಡಬೇಡಿ, ದಿನಕ್ಕೆ ಮೂರು ಒಳ್ಳೆಯ ಸಂಗತಿಗಳನ್ನು ಬರೆದಿಡಿ ಎಂದರು. ನಾನು ಚಾಟ್ ಬಾಕ್ಸಿನಲ್ಲಿ ‘ಸಂಬಳ ಯಾವಾಗ?’ ಎಂದು ಟೈಪ್ ಮಾಡಿದೆ, ಅಳಿಸಿದೆ. ‘ಧನ್ಯವಾದಗಳು ಸರ್, ತುಂಬಾ ಉಪಯುಕ್ತವಾಗಿತ್ತು’ ಎಂದು ಬರೆದೆ.

ಆ ವಾರವೇ ಒಂದು ರಾತ್ರಿ, ಇತಿಹಾಸ ಹೇಳುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದರು. ಹನ್ನೊಂದು ವರ್ಷದಿಂದ ಅದೇ ಕಾಲೇಜಿನಲ್ಲಿ ಅವರು ‘ಅತಿಥಿ’. ‘ಮೇಡಂ, ನಿದ್ದೆ ಬರ್ತಿಲ್ಲ. ಅತ್ತೆ ಮನೆಯಿಂದ ಅಕ್ಕಿ ತರಿಸಿದ್ವಿ. ಮಕ್ಕಳ ಮುಖ ನೋಡೋಕಾಗ್ತಿಲ್ಲ’ ಎಂದರು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಆ ವೆಬಿನಾರಿನ ರೆಕಾರ್ಡಿಂಗ್ ಲಿಂಕ್ ಕಳಿಸಿದೆ. ‘ನೋಡ್ತೀನಿ ಮೇಡಂ’ ಎಂದರು. ಮತ್ತೆ ಯಾವತ್ತೂ ಅವರು ನನಗೆ ಫೋನ್ ಮಾಡಲಿಲ್ಲ.

ನಾನು ಬರೆಯುತ್ತಿರುವುದು ಆ ಲಿಂಕಿನ ಬಗ್ಗೆ. ಅದನ್ನು ಕಳಿಸಿದವಳು ನಾನೇ, ಹಾಗಾಗಿ ಈ ಆರೋಪಪಟ್ಟಿಯಲ್ಲಿ ನನ್ನ ಹೆಸರೂ ಇರಲಿ.

ಮಹಾಮಾರಿಯ ಎರಡು ವರ್ಷಗಳಲ್ಲಿ ‘ನೌಕರರ ಮಾನಸಿಕ ಆರೋಗ್ಯ’ ಎಂಬ ಮಾತು ಕೇಳಿಬಂದಷ್ಟು ಹಿಂದೆಂದೂ ಕೇಳಿಬಂದಿರಲಿಲ್ಲ. ಕಂಪನಿಗಳು ಧ್ಯಾನದ ಆ್ಯಪ್ ಕೊಟ್ಟವು, ಕಾಲೇಜುಗಳು ವೆಬಿನಾರ್ ಮಾಡಿದವು. ಆದರೆ ಅದೇ ದಿನಗಳಲ್ಲಿ ದುಡಿಯುವವರ ನಿದ್ದೆ ಕೆಡಿಸುವ ತೀರ್ಮಾನಗಳು ಬೇರೆ ಮೇಜುಗಳ ಮೇಲೆ ಆಗುತ್ತಿದ್ದವು. ಲಾಕ್‌ಡೌನಿನ ಅವಧಿಗೆ ಸಂಬಳ ಕಡಿತ ಮಾಡದೆ ಕೊಡಿ ಎಂದು ಕೇಂದ್ರ ಗೃಹ ಸಚಿವಾಲಯ 2020ರ ಮಾರ್ಚ್ 29ರಂದು ಆದೇಶಿಸಿತ್ತು. ಮೇ 18ರಿಂದ ಆ ಆದೇಶ ಇಲ್ಲವಾಯಿತು. ನಾಲ್ಕೇ ದಿನಗಳಲ್ಲಿ, ಮೇ 22ರಂದು, ಕರ್ನಾಟಕ ಸರ್ಕಾರ ಕಾರ್ಖಾನೆಗಳ ದುಡಿಮೆಯನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಯವರೆಗೆ ಏರಿಸಬಹುದೆಂದು ಅಧಿಸೂಚನೆ ಹೊರಡಿಸಿತು. ಕಾರ್ಮಿಕ ಸಂಘಟನೆಗಳು ವಿರೋಧಿಸಿ, ವಿಷಯ ಹೈಕೋರ್ಟಿಗೆ ಹೋದ ಮೇಲೆ ಜೂನ್ 11ರಂದು ಅದನ್ನು ಹಿಂತೆಗೆದುಕೊಂಡಿತು. ಮರುವರ್ಷ, 2021ರ ಮೇ ತಿಂಗಳಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಂದು ಅಂದಾಜು ಪ್ರಕಟಿಸಿದವು: ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚಿನ ದುಡಿಮೆಯಿಂದಾಗಿ 2016ರಲ್ಲಿ ಪಾರ್ಶ್ವವಾಯು ಮತ್ತು ಹೃದ್ರೋಗಕ್ಕೆ ಬಲಿಯಾದವರು 7,45,000 ಜನ. ಅರವತ್ತು ಗಂಟೆ ದುಡಿಸಲು ಹೊರಟ ವ್ಯವಸ್ಥೆ ಉಸಿರಾಟದ ವ್ಯಾಯಾಮವನ್ನೂ ಕಲಿಸುತ್ತದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಆಶಾ ಕಾರ್ಯಕರ್ತೆಯರನ್ನು ನೆನಪಿಸಿಕೊಳ್ಳಿ. ಮನೆಮನೆ ಸಮೀಕ್ಷೆಗೆ ಹೋದರು, ಕ್ವಾರಂಟೈನ್ ಆದವರ ಮೇಲೆ ನಿಗಾ ಇಟ್ಟರು, ಕೆಲವೆಡೆ ಹೊಡೆಸಿಕೊಂಡರು. ಮನೆಗೆ ಬಂದರೆ ತಮ್ಮ ಮಕ್ಕಳನ್ನು ಮುಟ್ಟಲು ಹೆದರಿದರು. ಅವರಿಗೆ ‘ಕೊರೊನಾ ವಾರಿಯರ್’ ಎಂಬ ಬಿರುದು ಬಂತು, ಚಪ್ಪಾಳೆ ಬಂತು, ಕೇಂದ್ರದ 50 ಲಕ್ಷ ರೂಪಾಯಿಯ ವಿಮೆಯಲ್ಲಿ ಹೆಸರೂ ಬಂತು. ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನಕ್ಕೆ ಮಾತ್ರ ರಾಜ್ಯದ ಸುಮಾರು 42 ಸಾವಿರ ಆಶಾಗಳು 2020ರ ಜುಲೈ 10ರಿಂದ ಕೆಲಸ ನಿಲ್ಲಿಸಬೇಕಾಯಿತು. ಸತ್ತರೆ 50 ಲಕ್ಷ. ಬದುಕಿರುವಾಗ 12,000 ಕೇಳಿದರೆ ಮುಷ್ಕರ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಪುರಸ್ಕಾರವನ್ನೂ ಕೊಟ್ಟಿತು. ಆಗಲೂ ಅವರು ಸರ್ಕಾರದ ಲೆಕ್ಕದಲ್ಲಿ ನೌಕರರಾಗಿರಲಿಲ್ಲ, ಸ್ವಯಂಸೇವಕಿಯರು. ನೌಕರಳೇ ಅಲ್ಲದವಳಿಗೆ ‘ನೌಕರರ ಮಾನಸಿಕ ಆರೋಗ್ಯ’ ಎಲ್ಲಿಂದ ಬರಬೇಕು?

ನಾನು ಸಾಹಿತ್ಯದ ವಿದ್ಯಾರ್ಥಿ, ನನ್ನ ಕಣ್ಣು ಪದಗಳ ಮೇಲೆ ಹೋಗುತ್ತದೆ. ‘ಒತ್ತು’ ಎಂಬುದು ಸಕರ್ಮಕ ಧಾತು. ಒತ್ತುವವರೊಬ್ಬರು, ಒತ್ತಿಸಿಕೊಳ್ಳುವವರೊಬ್ಬರು ಇದ್ದೇ ಇರಬೇಕು. ‘ಒತ್ತಡ ನಿರ್ವಹಣೆ’ ಎನ್ನುವಾಗ ಕರ್ತೃ ಮಾಯವಾಗುತ್ತಾನೆ. ಒತ್ತಡ ಮಳೆಯ ಹಾಗೆ ಆಕಾಶದಿಂದ ಸುರಿಯುತ್ತದೆ, ಕೊಡೆ ಹಿಡಿಯುವುದು ನಿಮ್ಮ ಜವಾಬ್ದಾರಿ. ‘ಅತಿಥಿ’ ಎಂಬ ಪದವೂ ಹಾಗೆಯೇ. ಯಾವ ಮನೆಯಲ್ಲಿ ಅತಿಥಿಯಿಂದ ಹನ್ನೊಂದು ವರ್ಷ ದುಡಿಸಿಕೊಳ್ಳುತ್ತಾರೆ?

ಇದಕ್ಕೆ ಬರುವ ಆಕ್ಷೇಪ ಗೊತ್ತು. ಖಿನ್ನತೆ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಬೇಕು, ಎಲ್ಲವನ್ನೂ ಸಂಬಳಕ್ಕೆ ತಂದು ಕಟ್ಟಬೇಡಿ. ಒಪ್ಪುತ್ತೇನೆ. ಸಂಬಳ ಸರಿಯಾಗಿ ಬರುವವರಿಗೂ ಖಿನ್ನತೆ ಬರುತ್ತದೆ. ನಿಮ್ಹಾನ್ಸ್‌ನಂಥ ಸಂಸ್ಥೆ ನಮ್ಮ ರಾಜ್ಯದಲ್ಲಿದೆ ಎಂಬುದು ನಮ್ಮ ಪುಣ್ಯ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮನಸ್ ಸಹಾಯವಾಣಿಯನ್ನು ನಾನೇ ಇಬ್ಬರು ವಿದ್ಯಾರ್ಥಿಗಳಿಗೆ ಸೂಚಿಸಿದ್ದೇನೆ. ನನ್ನ ಜಗಳ ವೈದ್ಯರ ಜೊತೆಗಲ್ಲ. ಕಾಲ ಮೇಲೆ ಕಾಲಿಟ್ಟು ನಿಂತವನೇ ನೋವಿನ ಮುಲಾಮಿನ ಬಗ್ಗೆ ಉಪನ್ಯಾಸ ಮಾಡುತ್ತಾನಲ್ಲ, ಅವನ ಜೊತೆಗೆ. ಮುಲಾಮು ಬೇಕು, ಆದರೆ ಮೊದಲು ಅವನು ಕಾಲು ತೆಗೆಯಲಿ.

ಸಂಸ್ಥೆಗಳ ಹತ್ತಿರವೂ ದುಡ್ಡಿರಲಿಲ್ಲ ಎನ್ನುವವರಿದ್ದಾರೆ. ಕೆಲವರ ಹತ್ತಿರ ನಿಜಕ್ಕೂ ಇರಲಿಲ್ಲ. ಹಾಗಿದ್ದರೆ ಅದನ್ನು ಬಾಯಿಬಿಟ್ಟು ಹೇಳಬಹುದಿತ್ತು. ಇಷ್ಟು ಇದೆ, ಇಷ್ಟು ಕೊಡುತ್ತೇವೆ, ಉಳಿದದ್ದು ಇಂಥ ತಿಂಗಳು ಎಂದು. ಅದಕ್ಕೆ ಖರ್ಚಿಲ್ಲ. ಆ ರಾತ್ರಿ ನನ್ನ ಸಹೋದ್ಯೋಗಿಯನ್ನು ಮಲಗಿಸಲು ಅಂಥದೊಂದು ತಾರೀಕು ಸಾಕಿತ್ತು. ಮನುಷ್ಯನನ್ನು ತಿನ್ನುವುದು ಬಡತನ ಒಂದೇ ಅಲ್ಲ. ನಾಳೆ ಏನು ಎಂದು ಯಾರೂ ಹೇಳದಿರುವುದು.

ಮಹಾಮಾರಿ ಮುಗಿದ ಮೇಲೂ ಈ ಅಭ್ಯಾಸ ಮುಗಿದಿಲ್ಲ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಸುಮಾರು 14 ಸಾವಿರ ಅತಿಥಿ ಉಪನ್ಯಾಸಕರು 2021ರ ಡಿಸೆಂಬರಿನಲ್ಲಿ ತರಗತಿ ಬಹಿಷ್ಕರಿಸಿ ಬೀದಿಗಿಳಿದರು. 2022ರ ಜನವರಿಯಲ್ಲಿ 11–13 ಸಾವಿರವಿದ್ದ ಗೌರವಧನ 26–32 ಸಾವಿರಕ್ಕೆ ಏರಿತು. ಜೊತೆಗೇ ಒಬ್ಬೊಬ್ಬರ ಪಾಠದ ಅವಧಿ ವಾರಕ್ಕೆ 15 ಗಂಟೆಗೆ ಏರಿತು. ಪಾಠದ ಗಂಟೆಗಳು ಇದ್ದಷ್ಟೇ, ಹೇಳುವವರು ಕಡಿಮೆ ಸಾಕು. ಒಬ್ಬರ ನೆಮ್ಮದಿಗೆ ಇನ್ನೊಬ್ಬರ ಕೆಲಸವೇ ಬೆಲೆ. ಪಕ್ಕದ ಕುರ್ಚಿಯವರು ಹೋದರೆ ತನ್ನದು ಉಳಿಯುತ್ತದೆ ಎಂಬ ಲೆಕ್ಕಕ್ಕೆ ಯಾವ ಧ್ಯಾನದ ಆ್ಯಪ್ ಇದೆ?

ಮಾನಸಿಕ ಆರೋಗ್ಯದ ಮಾತಾಡುವ ಪ್ರತಿ ಸಂಸ್ಥೆಗೆ ನಾನು ಕೇಳುವುದು ನಾಲ್ಕು ಪ್ರಶ್ನೆ. ಸಂಬಳ ಯಾವ ತಾರೀಕಿಗೆ ಆಗುತ್ತದೆ? ಕೆಲಸದ ಗಂಟೆ ಎಷ್ಟಕ್ಕೆ ಮುಗಿಯುತ್ತದೆ? ಹುಷಾರಿಲ್ಲದಾಗ ರಜೆ ಹಾಕಿದರೆ ದುಡ್ಡು ಕತ್ತರಿಸುತ್ತೀರಾ? ಇದನ್ನೆಲ್ಲ ಕೇಳಿದವರನ್ನು ಮುಂದಿನ ವರ್ಷವೂ ಕೆಲಸಕ್ಕೆ ಕರೆಯುತ್ತೀರಾ? ಉತ್ತರ ಸಿಕ್ಕ ಮೇಲೆ ವೆಬಿನಾರಿಗೆ ಬರುತ್ತೇನೆ, ಉಸಿರನ್ನೂ ಎಳೆದುಕೊಳ್ಳುತ್ತೇನೆ.

ಇತಿಹಾಸದ ಮೇಷ್ಟ್ರು ಈಗ ತಮ್ಮ ಊರಿನ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತಾರಂತೆ. ಅಲ್ಲಿ ಬಟವಾಡೆ ಸರಿಯಾಗಿ ಆಗುತ್ತದೆ ಎಂದು ಅವರೇ ಯಾರಿಗೋ ಹೇಳಿದರಂತೆ. ನಾನು ಪಿಎಚ್.ಡಿ.ಗೆ ಸೇರಿದೆ. ಪ್ರವೇಶದ ಸಂದರ್ಶನಕ್ಕೆ ಒಯ್ದ ಫೈಲಿನಲ್ಲಿ ಆ ಸರ್ಟಿಫಿಕೇಟಿನ ಪ್ರತಿಯೂ ಇತ್ತು. ನೋಡಿದವರೊಬ್ಬರು ‘ವೆರಿ ಗುಡ್’ ಎಂದರು. ನಾನು ‘ಥ್ಯಾಂಕ್ಯೂ ಸರ್’ ಎಂದೆ.