ಒಂದು ಟಿಕ್ ಬಾಕ್ಸ್ ಹಾಕೋಕೆ ಏನು ಕಷ್ಟ?

ಪೆನ್‌ಡ್ರೈವ್ ಹಾಕಿ ನಾಲ್ಕೈದು ಸಲ 'ನೆಕ್ಸ್ಟ್' ಒತ್ತಿದರೆ ಲಿನಕ್ಸ್ ಇನ್‌ಸ್ಟಾಲ್ ಆಗುವ ಕಾಲವಿದು. ಆದರೆ ಎರಡು ಹಾರ್ಡ್ ಡಿಸ್ಕ್ ಜೋಡಿಸಿ, ಒಂದು ಕೆಟ್ಟರೂ ಇನ್ನೊಂದರಲ್ಲಿ ಎಲ್ಲವೂ ಉಳಿಯಲಿ ಎಂದು ಬಯಸುವವರಿಗೆ ದಾರಿ ಅಷ್ಟು ಸಲೀಸಲ್ಲ. ಹೀಗೆ ಡಿಸ್ಕ್‌ಗಳನ್ನು ಜೊತೆಗೂಡಿಸುವುದಕ್ಕೆ ರೇಡ್ ಎನ್ನುತ್ತಾರೆ. ಅದನ್ನು ಇನ್‌ಸ್ಟಾಲರ್‌ನಲ್ಲೇ ಕೊಡಿ ಎಂಬ ಬೇಡಿಕೆ ಓಪನ್ ಸೋರ್ಸ್ ತಂಡಗಳ ಮುಂದೆ ಮತ್ತೆ ಮತ್ತೆ ಬರುತ್ತದೆ. ಜೊತೆಗೆ, 'ಒಂದು ಟಿಕ್ ಬಾಕ್ಸ್ ಹಾಕೋಕೆ ಏನು ಕಷ್ಟ?' ಎಂಬ ಸಿಟ್ಟೂ.

ಕಷ್ಟ ಇದೆ. ಎರಡೂ ಡಿಸ್ಕ್‌ಗಳಲ್ಲಿ ಒಂದೇ ಮಾಹಿತಿ ಬರೆಯುವ ರೇಡ್ 1 ಅನ್ನೇ ನೋಡಿ. ಮಾಹಿತಿಯನ್ನು ಲಿನಕ್ಸ್ ನೋಡಿಕೊಳ್ಳುತ್ತದೆ. ಆದರೆ ಕಂಪ್ಯೂಟರ್ ಆನ್ ಆದ ಕೂಡಲೇ ಓಡುವ ಯುಇಎಫ್‌ಐಗೆ ಲಿನಕ್ಸಿನ ರೇಡ್ ಎಂದರೇನೆಂದೇ ಗೊತ್ತಿಲ್ಲ. ಅದು ಹುಡುಕುವುದು ಬೂಟ್ ಫೈಲ್‌ಗಳಿರುವ ಒಂದು ಸಾದಾ ಪಾರ್ಟಿಷನ್. ಇನ್‌ಸ್ಟಾಲರ್ ಅದನ್ನು ಮೊದಲ ಡಿಸ್ಕಿನಲ್ಲಿ ಮಾತ್ರ ಮಾಡಿ ಕೈತೊಳೆದುಕೊಂಡರೆ, ಆ ಡಿಸ್ಕ್ ಕೆಟ್ಟ ದಿನ ಮಾಹಿತಿ ಭದ್ರವಾಗಿದ್ದರೂ ಕಂಪ್ಯೂಟರ್ ಏಳುವುದಿಲ್ಲ. ಅರೆಬರೆ ರೇಡ್ ಕೊಡುವುದಕ್ಕಿಂತ ಕೊಡದಿರುವುದೇ ಮೇಲು ಎಂದು ನನಗನ್ನಿಸುವುದು ಇದಕ್ಕೇ. ಬೇರೆ ತಂತ್ರಾಂಶ ತಪ್ಪಿದರೆ ಮುಚ್ಚಿ ತೆರೆಯಬಹುದು. ಇನ್‌ಸ್ಟಾಲರ್ ತಪ್ಪಿದರೆ ಯಾರದೋ ಮನೆಯ ಫೋಟೊಗಳೆಲ್ಲ ಅಳಿಸಿಹೋಗುತ್ತವೆ.

ಹಾಗೆಂದು ಇದು ಆಗದ ಕೆಲಸವೇನಲ್ಲ. ಡೆಬಿಯನ್ ಮತ್ತು ಫೆಡೋರಾದ ಇನ್‌ಸ್ಟಾಲರ್‌ಗಳಲ್ಲಿ ರೇಡ್ ಇದೆ. ಉಬುಂಟು ಕಥೆ ಬೇರೆ. ಅದರ 'ಆಲ್ಟರ್ನೇಟ್' ಎಂಬ, ಬರೀ ಅಕ್ಷರಗಳ ಇನ್‌ಸ್ಟಾಲರ್‌ನಲ್ಲಿ ರೇಡ್ ಮಾಡಬಹುದಿತ್ತು. 2012ರಲ್ಲಿ 12.10 ಆವೃತ್ತಿ ಬಂದಾಗ ಅದನ್ನು ಕೈಬಿಟ್ಟರು. ಎಲ್‌ವಿಎಂ, ಎನ್‌ಕ್ರಿಪ್ಷನ್ ಎರಡೂ ಡೆಸ್ಕ್‌ಟಾಪ್ ಇನ್‌ಸ್ಟಾಲರ್‌ಗೆ ಬಂದವು, ರೇಡ್ ಬರಲಿಲ್ಲ. ಬೇಕಾದವರು ಸರ್ವರ್ ಆವೃತ್ತಿ ಹಾಕಿ, ಅದರ ಮೇಲೆ ಡೆಸ್ಕ್‌ಟಾಪ್ ಕೂರಿಸಿಕೊಳ್ಳಬೇಕಾಯಿತು. ಎರಡು ಇನ್‌ಸ್ಟಾಲರ್ ಸಾಕುವ ಬದಲು ಒಂದನ್ನೇ ಚೆನ್ನಾಗಿ ನೋಡಿಕೊಳ್ಳುವುದು ತಪ್ಪಲ್ಲ. ಇದ್ದದ್ದನ್ನು ಕಿತ್ತುಕೊಂಡಾಗ ಸಿಟ್ಟು ಬರುವುದೂ ತಪ್ಪಲ್ಲ.

ಇಂಥ ಬೇಡಿಕೆಗೆ ಅತ್ಯಂತ ಕೆಟ್ಟ ಉತ್ತರವೆಂದರೆ 'ನೋಡೋಣ' ಎಂದು ವರ್ಷಗಟ್ಟಲೆ ತೂಗುಹಾಕುವುದು. (ನಮ್ಮ ಸರ್ಕಾರಿ ಕಚೇರಿಗಳಿಂದ ಕಲಿತ ವಿದ್ಯೆ ಇರಬಹುದು!) 'ಕೋಡ್ ನೀವೇ ಬರೆದು ಕಳಿಸಿ' ಎನ್ನುವುದೂ ಹೊಸಬರ ಮುಖಕ್ಕೆ ಬಾಗಿಲು ಹಾಕಿದಂತೆ. ಆಗುವುದಿಲ್ಲ ಎಂದಾದರೆ ಹಾಗೇ ಹೇಳಲಿ, ಕಾರಣ ಬರೆಯಲಿ, ಟರ್ಮಿನಲ್‌ನಲ್ಲಿ ಎಂಡಿಎಡಿಎಂ ಬಳಸಿ ಅದನ್ನೇ ಮಾಡುವ ಕ್ರಮವನ್ನು ಒಂದು ಪುಟದಲ್ಲಿ ಕೊಡಲಿ.

ಕೇಳುವ ನಾವೂ 'ನನಗೂ ಬೇಕು' ಎಂದು ಒಂದು ಸಾಲು ಸೇರಿಸಿ ಹೋದರೆ ಪ್ರಯೋಜನವಿಲ್ಲ. ಆ ತಂಡಗಳಿಗೆ ಕೊರತೆ ಇರುವುದು ಪರೀಕ್ಷಿಸುವವರದು. ಪರೀಕ್ಷೆಗೆಂದು ರೇಡ್ 0, 1, 5ರ ಟೇಬಲ್ ಬಾಯಿಪಾಠ ಮಾಡುತ್ತೇವೆ. ಆದರೆ ನಮ್ಮಲ್ಲಿ ಎಷ್ಟು ಜನ ಒಂದು ಡಿಸ್ಕ್ ಕಿತ್ತು ನೋಡಿದ್ದೇವೆ? ವರ್ಚುವಲ್‌ಬಾಕ್ಸ್‌ನಲ್ಲಿ ಎರಡು ವರ್ಚುವಲ್ ಡಿಸ್ಕ್ ಮಾಡಿಕೊಂಡರೆ ಒಂದು ಪೈಸೆ ಖರ್ಚಿಲ್ಲ. ರೇಡ್ 1 ಮಾಡಿ ಇನ್‌ಸ್ಟಾಲ್ ಮಾಡಿ, ಮೊದಲ ಡಿಸ್ಕ್ ತೆಗೆದು ಮತ್ತೆ ಆನ್ ಮಾಡಿ. ಎದ್ದಿತೇ? ಏಳದಿದ್ದರೆ ಎಲ್ಲಿ ನಿಂತಿತು? ಯುಇಎಫ್‌ಐಯೋ, ಹಳೆಯ ಬಯೋಸೋ? ಯಾವ ಆವೃತ್ತಿ? ಇಷ್ಟನ್ನು ಬರೆದು ಕಳಿಸಿದರೆ ಅದನ್ನು ಯಾವ ತಂಡವೂ ಸುಲಭಕ್ಕೆ ತಳ್ಳಿಹಾಕುವುದಿಲ್ಲ. ಮುಂದೆ ಸಂದರ್ಶನದಲ್ಲಿ ರೇಡ್ ಬಗ್ಗೆ ಕೇಳಿದರೆ ಹೇಳುವುದಕ್ಕೂ ಟೇಬಲ್‌ಗಿಂತ ಹೆಚ್ಚಿನದೇನೋ ಇರುತ್ತದೆ.