ಕೂಟಶಾಸನದ ಹೊಸ ಅವತಾರ

ತರ್ಕಶಾಸ್ತ್ರವನ್ನು ಸ್ವಲ್ಪವಾದರೂ ಓದಿದವರಿಗೆ ಗಗನಕುಸುಮ, ಶಶವಿಷಾಣ, ವಂಧ್ಯಾಪುತ್ರ ಎಂಬ ಮೂರು ದೃಷ್ಟಾಂತಗಳು ಚಿರಪರಿಚಿತವಾದುವು. ಆಕಾಶದಲ್ಲಿ ಹೂವು ಅರಳುವುದಿಲ್ಲ, ಮೊಲಕ್ಕೆ ಕೊಂಬಿಲ್ಲ, ಬಂಜೆಗೆ ಮಗನಿಲ್ಲ. ಶಬ್ದವಿದೆ, ಕೇಳಿದವರಿಗೆ ಅರ್ಥವೂ ಆಗುತ್ತದೆ, ಆದರೆ ಲೋಕದಲ್ಲಿ ವಸ್ತು ಮಾತ್ರ ಇಲ್ಲ ಎಂಬುದನ್ನು ಶಿಷ್ಯರಿಗೆ ಮನಗಾಣಿಸುವುದಕ್ಕಾಗಿ ಹಿಂದಿನವರು ಇವನ್ನು ಕಲ್ಪಿಸಿದರು. ಇಂತಹ ಗಗನಕುಸುಮಗಳನ್ನೇ ಪೋಣಿಸಿ ಮಾಲೆಮಾಡಿ ನ್ಯಾಯಾಸ್ಥಾನದ ಮೇಜಿನ ಮೇಲಿಡುವ ಕಾಲವೊಂದು ಬಂದೀತೆಂದು ಅವರಲ್ಲಿ ಯಾರೂ ಎಣಿಸಿರಲಾರರು. ಆ ಕಾಲವು ಈಗ ಬಂದಿದೆ.

ಸುದ್ದಿ ಮೊದಲು ಕೇಳಿಬಂದದ್ದು ಅಮೆರಿಕೆಯಿಂದ. ವಿಮಾನದಲ್ಲಿ ಊಟ ತಿಂಡಿ ಹಂಚುವ ಲೋಹದ ಗಾಡಿಯು ಮೊಣಕಾಲಿಗೆ ಬಡಿದು ಪೆಟ್ಟಾಯಿತೆಂದು ಪ್ರಯಾಣಿಕನೊಬ್ಬನು ವಿಮಾನ ಕಂಪೆನಿಯ ಮೇಲೆ ನ್ಯೂಯಾರ್ಕಿನಲ್ಲಿ ದಾವೆ ಹೂಡಿದನು. ಮೂರು ದಶಕಗಳ ಅನುಭವವುಳ್ಳ ಅವನ ವಕೀಲನು ತನ್ನ ವಾದಕ್ಕೆ ಆಧಾರವಾದ ಹಳೆಯ ತೀರ್ಪುಗಳನ್ನು ಹುಡುಕಿಕೊಡೆಂದು ಚಾಟ್ ಜಿಪಿಟಿ ಎಂಬ ಕೃತಕ ಬುದ್ಧಿಯ ಯಂತ್ರವನ್ನು ಕೇಳಿದನು. ಯಂತ್ರವು ವಾದಿ ಪ್ರತಿವಾದಿಗಳ ಹೆಸರು, ನ್ಯಾಯಾಲಯ, ಇಸವಿ, ಪುಟಸಂಖ್ಯೆಗಳ ಸಮೇತವಾಗಿ ತೀರ್ಪುಗಳನ್ನು ಒದಗಿಸಿತು. ಅವುಗಳಲ್ಲಿ ಆರು ತೀರ್ಪುಗಳನ್ನು ಯಾವ ನ್ಯಾಯಾಧೀಶನೂ ಎಂದೂ ಬರೆದಿರಲಿಲ್ಲ. ವಕೀಲನಿಗೆ ಸಂಶಯವೇ ಹುಟ್ಟಲಿಲ್ಲವೆಂದಲ್ಲ, ಹುಟ್ಟಿತು. ಆದರೆ ಆತನು ಆ ಸಂಶಯವನ್ನು ಗ್ರಂಥಾಲಯಕ್ಕೆ ಒಯ್ಯದೆ, 'ಇದು ನಿಜವೆ?' ಎಂದು ಅದೇ ಯಂತ್ರವನ್ನೇ ಕೇಳಿದನು! ನಿಜವೆಂದು ಅದು ಉತ್ತರಕೊಟ್ಟಿತು. ಕಳ್ಳನ ಮಾತಿಗೆ ಕಳ್ಳನೇ ಸಾಕ್ಷಿ. 2023ನೆಯ ಜೂನ್ 22ರಂದು ನ್ಯಾಯಾಧೀಶ ಕೆವಿನ್ ಕ್ಯಾಸ್ಟೆಲ್ ಅವರು 5,000 ಡಾಲರುಗಳ ದಂಡವನ್ನು ವಿಧಿಸಿದರು. ಅಷ್ಟೇ ಅಲ್ಲ, ಯಾವ ಯಾವ ನ್ಯಾಯಾಧೀಶರ ಹೆಸರಿನಲ್ಲಿ ಸುಳ್ಳು ತೀರ್ಪುಗಳು ಹುಟ್ಟಿದ್ದುವೋ ಅವರಿಗೆಲ್ಲ ಸಂಗತಿಯನ್ನು ತಿಳಿಸಿ ಕಾಗದ ಬರೆಯಬೇಕೆಂದೂ ಆಜ್ಞೆಮಾಡಿದರು.

ಅಮೆರಿಕೆಯ ಹುಚ್ಚು ಅಮೆರಿಕೆಗೆ ಎಂದು ನಕ್ಕು ಸುಮ್ಮನಾಗುವಂತಿಲ್ಲ. 2025ನೆಯ ಜೂನ್‌ನಲ್ಲಿ ಲಂಡನ್ನಿನ ಹೈಕೋರ್ಟಿನ ಮುಂದೆ ಬಂದ ಒಂದು ವ್ಯಾಜ್ಯದಲ್ಲಿ 45 ಉಲ್ಲೇಖಗಳ ಪೈಕಿ 18 ತೀರ್ಪುಗಳು ಅಸ್ತಿತ್ವದಲ್ಲಿಯೇ ಇರಲಿಲ್ಲ. ಅಲ್ಲಿ ಕಕ್ಷಿಗಾರನೇ ಯಂತ್ರದ ಸಹಾಯದಿಂದ ಹುಡುಕಿ ತಂದದ್ದನ್ನು ವಕೀಲನು ಪರಿಶೀಲಿಸದೆ ಒಪ್ಪಿಸಿದ್ದನು. ರೋಗಿಯು ಔಷಧವನ್ನು ತಾನೇ ಬರೆದುಕೊಂಡು ಬರುವುದು, ವೈದ್ಯನು ಅದಕ್ಕೆ ರುಜು ಹಾಕುವುದು! ಇಂತಹ ಚಿಕಿತ್ಸೆಗೆ ಸಂಬಳ ಬೇರೆ.

ಇನ್ನು ನಮ್ಮ ನಾಡಿನ ಕಥೆ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠವು 2024ನೆಯ ಡಿಸೆಂಬರಿನ ಕೊನೆಯಲ್ಲಿ ಕೊಟ್ಟ ಆಜ್ಞೆಯೊಂದನ್ನು, ಅದರಲ್ಲಿ ಹೆಸರಿಸಿದ್ದ ತೀರ್ಪುಗಳು ಎಲ್ಲಿಯೂ ಕಾಣದೆಹೋದುದರಿಂದ, ಕೆಲವೇ ದಿವಸಗಳಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಮೂರು ತಿಂಗಳು ಕಳೆಯುವುದರೊಳಗೆ, 2025ನೆಯ ಮಾರ್ಚಿಯಲ್ಲಿ, ಬೆಂಗಳೂರಿನ ಸಿವಿಲ್ ನ್ಯಾಯಾಧೀಶರೊಬ್ಬರು ಸುಪ್ರೀಂ ಕೋರ್ಟಿನವೆಂದು ಆಧಾರವಾಗಿ ಎತ್ತಿಕೊಂಡಿದ್ದ ತೀರ್ಪುಗಳು ಇಲ್ಲವೇ ಇಲ್ಲವೆಂಬ ಸಂಗತಿಯು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಆರ್. ದೇವದಾಸ್ ಅವರ ಮುಂದೆ ಬಯಲಾಯಿತು. ಆ ತೀರ್ಪುಗಳನ್ನು ತಾವು ಉಲ್ಲೇಖಿಸಿಯೇ ಇರಲಿಲ್ಲವೆಂದು ವಾದಿಯ ಪಕ್ಷದ ವಕೀಲರು ಹೇಳಿದರು. ಈ ವಿಷಯದಲ್ಲಿ ಮುಂದಿನ ವಿಚಾರಣೆಯೂ ಕಾನೂನಿನ ಕ್ರಮವೂ ಅವಶ್ಯವೆಂದು ನ್ಯಾಯಮೂರ್ತಿಗಳು ಬರೆದು, ಆಜ್ಞೆಯ ಪ್ರತಿಯನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಹೇಳಿದರು. ನ್ಯೂಯಾರ್ಕಿನಲ್ಲಿ ತಪ್ಪಿದವನು ವಕೀಲನು. ಅವನನ್ನು ತಡೆಯಲು ಮೇಲೆ ನ್ಯಾಯಾಧೀಶನಿದ್ದನು. ಬೆಂಗಳೂರಿನಲ್ಲಿ ಗಗನಕುಸುಮವು ಅರಳಿದ್ದು ನ್ಯಾಯಪೀಠದ ಮೇಲೆಯೇ. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ರೈತನು ಯಾರಿಗೆ ದೂರುಕೊಡಬೇಕು?

ಈ ಯಂತ್ರದ ಸ್ವಭಾವವನ್ನು ಅರಿಯದವರು ಅದನ್ನು ಸರ್ವಜ್ಞನೆಂದು ಪೂಜಿಸುತ್ತಾರೆ. ಇಲ್ಲವೆ ಸುಳ್ಳುಗಾರನೆಂದು ನಿಂದಿಸುತ್ತಾರೆ. ಎರಡೂ ತಪ್ಪು. ಬಹುಕೋಟಿ ಪುಟಗಳ ಬರಹವನ್ನು ಅದರೊಳಕ್ಕೆ ತುಂಬಿ, ಯಾವ ಪದದ ಮುಂದೆ ಯಾವ ಪದವು ಬರುವ ಸಂಭವ ಹೆಚ್ಚೆಂಬ ಲೆಕ್ಕವನ್ನು ಅದಕ್ಕೆ ಕಲಿಸಿರುತ್ತಾರೆ. ಅನುಷ್ಟುಪ್ಪಿನ ಪಾದಕ್ಕೆ 8 ಅಕ್ಷರ, ಐದನೆಯದು ಲಘು, ಆರನೆಯದು ಗುರು ಎಂಬುದನ್ನು ಚೆನ್ನಾಗಿ ಕಲಿತ ಚುರುಕಾದ ಹುಡುಗನು ತನ್ನದೇ ಶ್ಲೋಕವೊಂದನ್ನು ಕಟ್ಟಿ, ವ್ಯಾಸೋಕ್ತಿಯೆಂದು ಹೇಳಿದರೆ ಕೇಳಿದವರು ತಲೆದೂಗಿಯಾರು. ಛಂದಸ್ಸು ಸರಿ, ಶೈಲಿ ಸರಿ. ವ್ಯಾಸರು ಮಾತ್ರ ಹಾಗೆ ಹೇಳಿಲ್ಲ. ಯಂತ್ರವು ಮಾಡುವುದೂ ಇಷ್ಟೆ. ತೀರ್ಪಿನ ಛಂದಸ್ಸನ್ನು ಅದು ಬಲ್ಲದು. ತೀರ್ಪು ಕೊಡಲ್ಪಟ್ಟಿತೋ ಇಲ್ಲವೋ ಎಂಬುದು ಅದರ ಚಿಂತೆಯಲ್ಲ. ಸುಳ್ಳು ಹೇಳಬೇಕಾದರೆ ಸತ್ಯವು ಗೊತ್ತಿರಬೇಕು. ಆದುದರಿಂದ ಯಂತ್ರಕ್ಕೆ ಸುಳ್ಳಿನ ಪಾಪವೂ ಇಲ್ಲ, ಸತ್ಯದ ಪುಣ್ಯವೂ ಇಲ್ಲ.

ಹಾಗಾದರೆ ಪಾಪವು ಯಾರದು? ಇದಕ್ಕೆ ಉತ್ತರವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಕನ್ನಡ ನಾಡಿನ ಕಲ್ಲು ತಾಮ್ರಗಳನ್ನು ನೋಡಿದರೆ ಸಾಕು. ನಮ್ಮ ಶಾಸನಗಳ ಕೊನೆಯಲ್ಲಿ ದಾನಕೊಟ್ಟವನ ಹೆಸರಿನೊಡನೆ, ಎಷ್ಟೋ ವೇಳೆ ಅದನ್ನು ಬರೆದವನ ಹೆಸರು, ಕಲ್ಲಿನಲ್ಲಿ ಕಂಡರಿಸಿದವನ ಹೆಸರು, ಸಾಕ್ಷಿಗಳ ಹೆಸರು ಕಾಣುತ್ತವೆ. ಈಚಿನ ಕ್ರಯಪತ್ರಗಳಲ್ಲಿಯೂ ಪತ್ರ ಬರೆದ ಬಿಕ್ಕಲಂದಾರನು ತನ್ನ ರುಜು ಹಾಕಲೇಬೇಕು. ಇದು ಕೀರ್ತಿಕಾಮನೆಯಿಂದ ಮಾತ್ರ ಮಾಡಿದ ಏರ್ಪಾಟಲ್ಲ. ಮುಂದೆ ವಿವಾದವೆದ್ದಾಗ, 'ಈ ಮಾತಿಗೆ ಹೊಣೆ ಯಾರು?' ಎಂದು ಕೇಳಿದವರಿಗೆ ತೋರಿಸಲು ಒಬ್ಬ ಮನುಷ್ಯನಿರಬೇಕು ಎಂಬುದೇ ಅದರ ತಾತ್ಪರ್ಯ.

ಹೀಗಿದ್ದೂ ಕೂಟಶಾಸನಗಳು, ಎಂದರೆ ಕೃತ್ರಿಮವಾಗಿ ಸೃಷ್ಟಿಸಿದ ರಾಜಾಜ್ಞೆಗಳು, ಹುಟ್ಟದೆ ಇರಲಿಲ್ಲ. ಬಿ. ಎಲ್. ರೈಸ್ ಅವರು ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸಿ ಎಪಿಗ್ರಾಫಿಯ ಕರ್ನಾಟಿಕದ 12 ಸಂಪುಟಗಳಲ್ಲಿ ಪ್ರಕಟಿಸಿದ ಕಾಲದಲ್ಲಿ, ಗಂಗರ ತಾಮ್ರಪಟಗಳಲ್ಲಿ ಹಲವು ಕೃತ್ರಿಮವೆಂದು ಜೆ. ಎಫ್. ಫ್ಲೀಟ್ ಅವರು ವಾದ ಹೂಡಿದರು. ಅಕ್ಷರದ ಆಕಾರವು ಹೇಳಿಕೊಂಡ ಕಾಲಕ್ಕೆ ಹೊಂದುವುದೆ, ತಿಥಿವಾರಗಳು ಕೂಡುವುವೆ ಎಂದು ಒಂದೊಂದು ಪಟವನ್ನೂ ಒರೆಗೆ ಹಚ್ಚಿದರು. ರೈಸ್ ಅವರು ಪ್ರತ್ಯುತ್ತರ ಕೊಟ್ಟರು. ವಾದವು ಬಹುಕಾಲ ನಡೆಯಿತು. ಇಬ್ಬರಲ್ಲಿ ಯಾರ ಕಡೆಗೆ ಒಲಿದವರೂ ಒಂದು ಮಾತನ್ನು ಒಪ್ಪಬೇಕು: ಅಲ್ಲಿ ವಾದಕ್ಕೆ ತಾಮ್ರದ ಹಲಗೆಯೊಂದು ಕೈಯಲ್ಲಿತ್ತು. ಇಂದಿನ ಕೂಟಶಾಸನಕ್ಕೆ ಹಲಗೆಯೂ ಇಲ್ಲ. ಇನ್ನು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ಕೂಟಶಾಸನ ಮಾಡಿದವನನ್ನು ಸ್ತ್ರೀಹತ್ಯೆ ಶಿಶುಹತ್ಯೆಗಳನ್ನು ಮಾಡಿದವರ ಪಂಕ್ತಿಯಲ್ಲಿಯೇ ನಿಲ್ಲಿಸಿ ವಧದಂಡವನ್ನು ಹೇಳುತ್ತದೆ. ಆ ದಂಡವು ಇಂದು ಯಾರಿಗೂ ಬೇಡ. ಆದರೆ ಆ ಪಂಕ್ತಿಯು ಏಕೆ ಬಂತೆಂಬುದನ್ನು ಯೋಚಿಸತಕ್ಕದ್ದು. ರಾಜನ ಹೆಸರಿನಲ್ಲಿ ಹೊರಟ ಸುಳ್ಳು ಮಾತು ಒಬ್ಬನ ಮನೆಯನ್ನು, ಇನ್ನೊಬ್ಬನ ಹೊಲವನ್ನು, ಮತ್ತೊಬ್ಬನ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳಬಲ್ಲುದು.

ಯಂತ್ರದ ಪಕ್ಷಪಾತಿಗಳು ಇದಕ್ಕೆ ಮೂರು ಸಮಾಧಾನಗಳನ್ನು ಹೇಳುತ್ತಾರೆ. ಅವನ್ನು ಒಂದೊಂದಾಗಿ ನೋಡಬೇಕು.

ಮೊದಲನೆಯದು: ದೇಶದ ನ್ಯಾಯಾಲಯಗಳಲ್ಲಿ 5 ಕೋಟಿಗೂ ಮೀರಿ ವ್ಯಾಜ್ಯಗಳು ಇತ್ಯರ್ಥವಾಗದೆ ಬಿದ್ದಿವೆ, ಯಂತ್ರದ ವೇಗವಿಲ್ಲದೆ ಗತಿಯಿಲ್ಲ. ರಾಶಿ ಬಿದ್ದಿರುವುದು ನಿಜ. ಅಜ್ಜನು ಹೂಡಿದ ದಾವೆಯ ತೀರ್ಪನ್ನು ಮೊಮ್ಮಗನು ಕೇಳುವ ಮನೆಗಳು ಊರೂರಿಗೂ ಇವೆ. ಆದರೆ ಬೆಂಗಳೂರಿನ ಆ ಎರಡು ಪ್ರಕರಣಗಳಲ್ಲಿ ಆದುದೇನು? ಒಂದರಲ್ಲಿ ಆಜ್ಞೆಯನ್ನು ಹಿಂತೆಗೆದು ಮತ್ತೆ ವಿಚಾರಿಸಬೇಕಾಯಿತು. ಇನ್ನೊಂದರಲ್ಲಿ ಮೂಲ ವ್ಯಾಜ್ಯದ ಮೇಲೆ ಹೊಸ ವಿಚಾರಣೆಯೊಂದು ಹುಟ್ಟಿಕೊಂಡಿತು. ರಾಶಿಯು ಕರಗಲಿಲ್ಲ, ಬೆಳೆಯಿತು. ದಾರಿ ತಪ್ಪಿದವನು ಬೇಗ ನಡೆದಷ್ಟೂ ಊರು ದೂರವಾಗುವುದು.

ಎರಡನೆಯದು: ಮನುಷ್ಯರೂ ತಪ್ಪುಮಾಡುತ್ತಿರಲಿಲ್ಲವೆ? ಮಾಡುತ್ತಿದ್ದರು. ಓಲೆಗರಿಯನ್ನು ನಕಲುಮಾಡಿದ ಲಿಪಿಕಾರನು ಅಕ್ಷರವನ್ನು ತಪ್ಪಿದನು, ಸಾಲನ್ನು ಬಿಟ್ಟನು, ತನ್ನದೊಂದು ಶ್ಲೋಕವನ್ನು ಸೇರಿಸಿದನು. ಆದರೆ ಪುಣೆಯ ಭಂಡಾರ್ಕರ್ ಸಂಶೋಧನ ಮಂದಿರದಲ್ಲಿ ವಿ. ಎಸ್. ಸುಕ್ಥಣಕರ್ ಮೊದಲಾದ ಪಂಡಿತರು ಸಾವಿರಕ್ಕೂ ಮಿಕ್ಕ ಹಸ್ತಪ್ರತಿಗಳನ್ನು ಎದುರಿಗಿಟ್ಟುಕೊಂಡು, 1919ರಿಂದ 1966ರ ವರೆಗೆ ದುಡಿದು, ಮಹಾಭಾರತದ ಪ್ರಕ್ಷಿಪ್ತಗಳನ್ನು ಬೇರ್ಪಡಿಸಿದರು. ಅದು ಹೇಗೆ ಸಾಧ್ಯವಾಯಿತು? ಒಂದು ಪ್ರತಿಯ ತಪ್ಪನ್ನು ಇನ್ನೊಂದು ಪ್ರತಿಯು ತೋರಿಸಿಕೊಟ್ಟಿತು. ಲಿಪಿಕಾರನ ತಪ್ಪಿಗೆ ಹಿಂದೆ ಒಂದು ಮೂಲವಿರುತ್ತದೆ. ಜಾಡುಹಿಡಿದು ಹೋದರೆ ಅದನ್ನು ತಿದ್ದಬಹುದು. ಯಂತ್ರವು ಕಲ್ಪಿಸಿದ ತೀರ್ಪಿಗೆ ಮೂಲವೇ ಇಲ್ಲ. ಪಾಠಾಂತರವನ್ನು ತಿದ್ದಬಹುದು, ವಂಧ್ಯಾಪುತ್ರನನ್ನು ತಿದ್ದುವುದು ಹೇಗೆ?

ಮೂರನೆಯದು: ಯಂತ್ರವು ವರ್ಷವರ್ಷಕ್ಕೂ ಉತ್ತಮವಾಗುತ್ತಿದೆ, ನಾಳೆ ಈ ದೋಷವು ಕಡಿಮೆಯಾಗುವುದು. ಆಗಲಿ, ಆಗುವುದೇ ಒಳ್ಳೆಯದು. ಆದರೆ ಅಪಾಯವು ಅಷ್ಟರಿಂದಲೇ ಕಡಿಮೆಯಾಗದು. ಹತ್ತರಲ್ಲಿ ಮೂರು ಸಲ ತಪ್ಪುವ ಕರಣಿಕನ ಲೆಕ್ಕವನ್ನು ಯಜಮಾನನು ದಿನವೂ ಕೂಡಿ ನೋಡುವನು; ಸಾವಿರಕ್ಕೊಮ್ಮೆ ತಪ್ಪುವವನ ಲೆಕ್ಕವನ್ನು ನೋಡುವುದನ್ನೇ ಬಿಟ್ಟುಬಿಡುವನು. ಆ ಸಾವಿರದ ಒಂದನೆಯ ಕಕ್ಷಿಗಾರನು ಯಾವ ಹಳ್ಳಿಯ ವಿಧವೆಯೋ, ಯಾವ ಗೇಣಿದಾರನೋ! ಅವನ ಕಡೆಯ ವಕೀಲನಿಗೂ ಮೂಲವನ್ನು ತೆಗೆದು ನೋಡುವ ಅಭ್ಯಾಸವು ತಪ್ಪಿಹೋಗಿದ್ದರೆ ಸುಳ್ಳು ತೀರ್ಪೇ ನಿಲ್ಲುವುದು, ಮತ್ತೊಬ್ಬರು ಅದನ್ನೇ ಉಲ್ಲೇಖಿಸುವರು. ಇದೇ ಅಂಧಪರಂಪರಾನ್ಯಾಯ: ಕುರುಡನ ಹೆಗಲನ್ನು ಹಿಡಿದು ಕುರುಡರ ಸಾಲು ನಡೆಯುವುದು.

ಮೂಲವನ್ನು ನೋಡುವುದು ಅಷ್ಟು ಕಷ್ಟವೆ? ಹಿಂದೆ ದೊಡ್ಡ ದೊಡ್ಡ ತೀರ್ಪು ಸಂಪುಟಗಳನ್ನು ಕೊಳ್ಳಲು ತಾಲ್ಲೂಕಿನ ವಕೀಲನಿಗೆ ಶಕ್ತಿಯಿರಲಿಲ್ಲವೆನ್ನಬಹುದಾಗಿತ್ತು. 2023ನೆಯ ಜನವರಿಯಲ್ಲಿ ಸುಪ್ರೀಂ ಕೋರ್ಟು ತನ್ನ ಸುಮಾರು 34,000 ತೀರ್ಪುಗಳನ್ನು ಈ-ಎಸ್‌ಸಿಆರ್ ಎಂಬ ಜಾಲತಾಣದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಕಾಸಿನ ಖರ್ಚಿಲ್ಲ, ಕೋಣೆ ಬಿಟ್ಟು ಏಳಬೇಕಾಗಿಲ್ಲ. ಇಷ್ಟಾದರೂ ನೋಡದವನಿಗೆ ಕೊರತೆಯಿರುವುದು ಪುಸ್ತಕದ್ದಲ್ಲ, ಶ್ರದ್ಧೆಯದು.

ಯಂತ್ರವನ್ನೇ ಬಹಿಷ್ಕರಿಸಬೇಕೆಂಬುದು ಇದರ ಅಭಿಪ್ರಾಯವಲ್ಲ. ಸುಪ್ರೀಂ ಕೋರ್ಟು 2019ನೆಯ ನವೆಂಬರಿನಿಂದ ಸುವಾಸ್ ಎಂಬ ಅನುವಾದಯಂತ್ರವನ್ನು ಬಳಸುತ್ತ ಬಂದಿದೆ. ಅದರ ಕರಡನ್ನು ಅನುವಾದಕರು ತಿದ್ದಿದ ಮೇಲೆ ತೀರ್ಪುಗಳು ಕನ್ನಡದಲ್ಲಿಯೂ ದೊರೆಯುತ್ತಿವೆ. ತನ್ನ ಆಸ್ತಿಯ ತೀರ್ಪನ್ನು ತನ್ನ ನುಡಿಯಲ್ಲಿ ಓದುವ ಭಾಗ್ಯವು ಕನ್ನಡಿಗನಿಗೆ ಬರುವುದಾದರೆ ಅದನ್ನು ಬೇಡವೆನ್ನುವವನು ಮೂಢನು. ಇಲ್ಲಿ ಯಂತ್ರದ ಮೇಲೆ ಮನುಷ್ಯನ ಕಣ್ಣಿದೆ ಎಂಬುದೇ ವಿಶೇಷ. ಕೇರಳದ ಹೈಕೋರ್ಟು 2025ನೆಯ ಜುಲೈಯಲ್ಲಿ ತನ್ನ ಜಿಲ್ಲಾ ನ್ಯಾಯಾಲಯಗಳಿಗೆ ನಿಯಮಗಳನ್ನು ಮಾಡಿ, ತೀರ್ಮಾನವನ್ನಾಗಲಿ ತೀರ್ಪನ್ನಾಗಲಿ ಯಂತ್ರದಿಂದ ಪಡೆಯಕೂಡದೆಂದೂ, ಅನುವಾದವನ್ನು ಕೂಡ ತಿಳಿದವರು ಪರಿಶೀಲಿಸಬೇಕೆಂದೂ, ಯಂತ್ರವನ್ನು ಬಳಸಿದುದಕ್ಕೆಲ್ಲ ಲೆಕ್ಕವಿಡಬೇಕೆಂದೂ ವಿಧಿಸಿತು. ನೆರೆಮನೆಯವರು ಬಾವಿಗೆ ಕಟ್ಟೆ ಕಟ್ಟಿದುದನ್ನು ನೋಡಿಯಾದರೂ ಉಳಿದವರು ಕಲಿಯಬೇಕು.

ಬೇಕಾದುದು ದೊಡ್ಡ ಕಾಯಿದೆಯಲ್ಲ, ಮೂರು ಸಾಲಿನ ನಿಯಮ. ತಾನು ಹೆಸರಿಸಿದ ಪ್ರತಿಯೊಂದು ತೀರ್ಪನ್ನೂ ಮೂಲದಲ್ಲಿ ಓದಿದ್ದೇನೆಂದು ವಕೀಲನು ಅರ್ಜಿಯ ಕೆಳಗೆ ರುಜು ಹಾಕತಕ್ಕದ್ದು. ನ್ಯಾಯಾಧೀಶನಿಗೂ ಅದೇ ಕಟ್ಟಳೆ ಇರತಕ್ಕದ್ದು. ಇಲ್ಲದ ತೀರ್ಪು ಕಂಡುಬಂದರೆ ಅದನ್ನು ಕೈತಪ್ಪೆಂದು ಕರೆಯದೆ ಕೂಟಶಾಸನವೆಂದೇ ಕರೆದು, ರುಜು ಹಾಕಿದವನನ್ನು ಹೊಣೆಮಾಡತಕ್ಕದ್ದು. ಗುಮಾಸ್ತೆಯ ಮೇಲೆ, ಕಿರಿಯ ವಕೀಲನ ಮೇಲೆ, ಯಂತ್ರದ ಮೇಲೆ ಜಾರಿಸುವುದಕ್ಕೆ ಎಡೆಗೊಡಕೂಡದು.

ನಿಯಮಕ್ಕಿಂತ ಮೊದಲಿನದು ಅಭ್ಯಾಸ, ಅಭ್ಯಾಸದ ಬೀಜವಿರುವುದು ಮನೆಯಲ್ಲಿ. ಇಂದು ವಿದ್ಯಾವಂತರ ಮನೆಗಳಲ್ಲಿಯೇ ಮಗುವು ಪ್ರಬಂಧವನ್ನು ಯಂತ್ರದಿಂದ ಬರೆಯಿಸಿಕೊಂಡು ಬಂದರೆ ತಂದೆಯು ಅದರ ಜಾಣತನವನ್ನು ನೆಂಟರಿಗೆ ಹೇಳಿ ಹಿಗ್ಗುತ್ತಾನೆ. 'ಇದು ನಿನಗೆ ಹೇಗೆ ಗೊತ್ತಾಯಿತು, ಮಗು? ಯಾವ ಪುಸ್ತಕದಲ್ಲಿದೆ, ತೆಗೆದು ತೋರಿಸು' ಎಂದು ಕೇಳುವವರು ಎಷ್ಟು ಮಂದಿ? ವೇದದ ಒಂದು ಸ್ವರವೂ ಅಲುಗದಂತೆ ಪದ, ಕ್ರಮ, ಜಟೆ, ಘನಗಳೆಂದು ಹಿಂದುಮುಂದಾಗಿ ಹೇಳಿಸಿ ಕಾಪಾಡಿದ ನಾಡು ಇದು. ಆಧಾರವಿಲ್ಲದ ಒಂದು ಮಾತನ್ನೂ ಬರೆಯೆನೆಂದು ಪ್ರತಿಜ್ಞೆಮಾಡಿ ಕಾಳಿದಾಸನ ಕಾವ್ಯಗಳಿಗೆ ವ್ಯಾಖ್ಯಾನ ಬರೆದ ಮಲ್ಲಿನಾಥನು ಓದಿಸಿದ ನಾಡು ಇದು. ಆ ಮಲ್ಲಿನಾಥನ ಪುಸ್ತಕವನ್ನು ಮುಂದಿಟ್ಟುಕೊಂಡು ಓದಿದವರ ಮೊಮ್ಮಕ್ಕಳು ನಾಳೆ ವಕೀಲರಾಗುವರು, ನ್ಯಾಯಾಧೀಶರಾಗುವರು. ಅವರು ರುಜು ಹಾಕುವ ಕಾಗದದ ಕೆಳಗೆ ಯಾರದೋ ಮನೆ, ಯಾರದೋ ಮಾನ ಇರುವುದು. ಮೂಲವನ್ನು ತೆರೆದು ನೋಡುವ ಬೆರಳನ್ನು ಅವರಿಗೆ ಈಗಲೇ ಕಲಿಸದಿದ್ದರೆ, ಮುಂದೆ ಅವರು ಹಾಕುವ ರುಜುವಿಗೆ ಬೆಲೆಕಟ್ಟುವವರು ಯಾರು?